ಪರ್ಷಿಯನ್ ಬೆಕ್ಕು ಮತ್ತು ವಿಜಯಪುರದ ಬಿಸಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಐದು ವರ್ಷದಿಂದ ಒಂದು ಪರ್ಷಿಯನ್ ಬೆಕ್ಕಿದೆ. ಬಣ್ಣ ನೋಡಿ ನಮ್ಮ ಅತ್ತೆಯವರು ಬೆಣ್ಣಿ ಅಂತ ಹೆಸರಿಟ್ಟರು. ಮನೆಗೆ ಯಾರೇ ಬರಲಿ, ಚಹಾ ಮುಗಿಯುವುದರೊಳಗೆ ಬೆಣ್ಣಿಯ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ. ಆಮೇಲೆ ಅವರ ಅಕ್ಕನ ಮಗಳು ಫೋನ್ ಮಾಡಿ ಅವೇ ಹತ್ತನ್ನು ಮತ್ತೆ ಕೇಳುತ್ತಾಳೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಬೆಕ್ಕಿಗೆ ಹುಷಾರಿಲ್ಲ ಅಂದರೆ ಇದನ್ನು ಓದುತ್ತಾ ಕೂರಬೇಡಿ, ದವಾಖಾನೆಗೆ ಹೋಗಿ.

"ಇದು ಬೆಕ್ಕೇನ್ರೀ, ಕುರಿಮರಿಯೇನ್ರೀ?"

ಬೆಕ್ಕೇ. ನೋಡಲು ದೊಡ್ಡದು, ಎತ್ತಿದರೆ ಹಗುರ. ತೂಕ ಹೆಚ್ಚಿನವಕ್ಕೆ ಮೂರರಿಂದ ಐದೂವರೆ ಕೆ.ಜಿ. ಗಂಡು ಸ್ವಲ್ಪ ಜಾಸ್ತಿ, ಹೆಣ್ಣು ಸ್ವಲ್ಪ ಕಡಿಮೆ. ಉಳಿದದ್ದೆಲ್ಲ ಕೂದಲು. ಬೆಣ್ಣಿಗೆ ಮೊದಲ ಸಲ ನೀರು ಹಾಕಿದ ದಿನ ನಮ್ಮ ಅತ್ತೆ ಗಾಬರಿಯಾಗಿ "ಅಯ್ಯ, ಅರ್ಧ ಬೆಕ್ಕು ಎಲ್ಲಿ ಹೋತು?" ಅಂದಿದ್ದರು.

ಮೈಕಟ್ಟು ಗಿಡ್ಡ ಮತ್ತು ದಪ್ಪ. ಕಾಲು ಚಿಕ್ಕವು, ತಲೆ ಅಗಲ ಮತ್ತು ಗುಂಡಗೆ. ಕಿವಿ ಸಣ್ಣವು, ಒಂದಕ್ಕೊಂದು ದೂರ. ಕಣ್ಣು ಮಾತ್ರ ದೊಡ್ಡವು, ದುಂಡಗಿನವು. ಕುತ್ತಿಗೆ ಸುತ್ತ ಸಿಂಹದ ಹಾಗೆ ಕೂದಲಿನ ಪಟ್ಟಿ ಇರುತ್ತದೆ. ಬಾಲ ಗಿಡ್ಡ, ಆದರೆ ಕಸಬರಿಗೆಯಷ್ಟು ಪೊದೆ. ಕೂದಲು ಎರಡು ಥರ. ಮೇಲೆ ಉದ್ದನೆಯದು, ಕೆಳಗೆ ಹತ್ತಿಯಂಥ ಮೆತ್ತನೆಯದು. ಗಂಟಾಗುವುದು ಈ ಕೆಳಗಿನದೇ.

ಬಣ್ಣ ಹೇಳಿ ಮುಗಿಯುವುದಿಲ್ಲ. ಬಿಳಿ, ಕಪ್ಪು, ಕೆನೆ, ಕೆಂಚು, ಪಟ್ಟೆ, ಮೂರು ಬಣ್ಣ ಕಲೆಸಿದ್ದು. ಬೂದಿ ಬಣ್ಣದ್ದನ್ನು ಮಾರುವವರು 'ಬ್ಲೂ' ಅನ್ನುತ್ತಾರೆ, ನೀಲಿ ಬೆಕ್ಕು ಅಂತ ಹುಡುಕಿಕೊಂಡು ಹೋಗಬೇಡಿ. ಮೈ ತಿಳಿ ಬಣ್ಣ, ಮುಖ, ಕಿವಿ, ಕಾಲು, ಬಾಲ ಮಾತ್ರ ಕಂದು, ಕಣ್ಣು ನೀಲಿ ಇದ್ದರೆ ಅದು ಹಿಮಾಲಯನ್. ಪರ್ಷಿಯನ್ ಮತ್ತು ಸಯಾಮಿ ಬೆಕ್ಕನ್ನು ಕೂಡಿಸಿ ಮಾಡಿದ್ದು. ಹಿಮಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅಪ್ಪಟ ಬಿಳಿ ಮೈ, ನೀಲಿ ಕಣ್ಣಿನ ಮರಿ ಚೆಂದ ಕಾಣುತ್ತದೆ. ಆದರೆ ಅಂಥವುಗಳಲ್ಲಿ ಹುಟ್ಟು ಕಿವುಡು ಜಾಸ್ತಿ. ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ.

ಆದಿಲ್‌ಶಾಹಿಗಳ ಕಾಲದಲ್ಲಿ ಪರ್ಷಿಯಾದಿಂದ ಬಂದ ಬೆಕ್ಕಂತೆ, ಹೌದಾ?

ಈ ಪ್ರಶ್ನೆ ನಮ್ಮೂರಲ್ಲಿ ಮಾತ್ರ ಬರುತ್ತದೆ. ಆದಿಲ್‌ಶಾಹಿ ಆಸ್ಥಾನದಲ್ಲಿ ಪಾರ್ಸಿ ಭಾಷೆ ನಡೆಯುತ್ತಿತ್ತು, ಇರಾನಿನ ಕಡೆಯಿಂದ ಜನ ಬರುತ್ತಿದ್ದರು. ಹಾಗಾಗಿ ಗೋಳಗುಮ್ಮಟದ ಜೊತೆಗೆ ಬೆಕ್ಕನ್ನೂ ಅವರ ಲೆಕ್ಕಕ್ಕೆ ಹಾಕಿಬಿಡುತ್ತೇವೆ.

ಉದ್ದ ಕೂದಲಿನ ಬೆಕ್ಕು ಪರ್ಷಿಯಾದಲ್ಲಿ ಇತ್ತು, ಅದು ನಿಜ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1620ರ ಸುಮಾರಿಗೆ ಅಲ್ಲಿ ಅಂಥ ಬೆಕ್ಕು ನೋಡಿ ತನ್ನ ದೇಶಕ್ಕೆ ತರುವ ಏರ್ಪಾಡು ಮಾಡಿದ. ಆಗ ನಮ್ಮಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆ. ಆದರೆ ಬೆಣ್ಣಿಯಂಥ ಗುಂಡು ಮುಖದ ಬೆಕ್ಕು ತಯಾರಾದದ್ದು ಇಂಗ್ಲೆಂಡಿನಲ್ಲಿ, ಆಮೇಲೆ ಅಮೆರಿಕದಲ್ಲಿ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವಿಯರ್ ಎಂಬಾತ ದೊಡ್ಡ ಬೆಕ್ಕಿನ ಪ್ರದರ್ಶನ ಏರ್ಪಡಿಸಿದ. ಅಲ್ಲಿಂದ ಮುಂದೆ ಬೆಕ್ಕನ್ನು ಆರಿಸಿ ಆರಿಸಿ ಕೂಡಿಸುವ ಶೋಕಿ ಬೆಳೆಯಿತು. ಈಗಿನ ಪರ್ಷಿಯನ್ ಬೆಕ್ಕಿನ ಡಿಎನ್ಎ ನೋಡಿದರೂ ನಂಟು ಹತ್ತುವುದು ಪಶ್ಚಿಮ ಯುರೋಪಿನ ಬೆಕ್ಕುಗಳ ಜೊತೆಗೇ. ಹೆಸರು ಪರ್ಷಿಯಾದ್ದು, ಮೈ ಚಳಿ ದೇಶದ್ದು. ನಮ್ಮ ತಾಪತ್ರಯವೆಲ್ಲ ಇಲ್ಲಿಂದಲೇ ಶುರು.

ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್: ಯಾವುದು ತಗೊಳ್ಳಲಿ?

ಡಾಲ್ ಫೇಸ್. ಬೇರೆ ಮಾತಿಲ್ಲ.

ಇವು ಬೇರೆ ಬೇರೆ ತಳಿ ಅಲ್ಲ, ಮೂಗು ಎಷ್ಟು ಒಳಗೆ ಹೋಗಿದೆ ಅನ್ನುವ ಅಂಗಡಿ ಲೆಕ್ಕ. ಡಾಲ್ ಫೇಸ್‌ಗೆ ಮೂಗು ಇದೆ ಅಂತ ಬದಿಯಿಂದ ನೋಡಿದರೆ ಗೊತ್ತಾಗುತ್ತದೆ. ಸೆಮಿ ಪಂಚ್‌ನಲ್ಲಿ ಅರ್ಧ. ಪಂಚ್ ಫೇಸ್‌ನಲ್ಲಿ ಮೂಗು ಎರಡು ಕಣ್ಣಿನ ನಡುವೆ ಹುದುಗಿರುತ್ತದೆ. ರೇಟು ಪಂಚ್‌ಗೇ ಜಾಸ್ತಿ. ಕಷ್ಟವೂ ಅದಕ್ಕೇ ಜಾಸ್ತಿ.

ಮೂಗು ಅಂದರೆ ಬರೀ ಚೆಂದ ಅಲ್ವಲ್ಲ. ಒಳಗೆ ಹೋಗುವ ಗಾಳಿ ಅಲ್ಲೇ ದಾಟಿ ಹೋಗಬೇಕು. ಮುಖ ಚಪ್ಪಟೆಯಾದಷ್ಟೂ ಆ ದಾರಿ ಇಕ್ಕಟ್ಟು. ಕಣ್ಣೀರು ಮೂಗಿಗೆ ಇಳಿಯುವ ನಾಳ ಮಡಚಿಕೊಂಡು, ನೀರು ಹೊರಗೆ ಸುರಿಯುತ್ತದೆ. ದವಡೆ ಗಿಡ್ಡ, ಹಲ್ಲು ಮಾತ್ರ ಎಲ್ಲ ಬೆಕ್ಕಿನಂತೆ ಮೂವತ್ತು. ಹಾಗಾಗಿ ಒಂದರ ಮೇಲೊಂದು ಬರುತ್ತವೆ.

ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಒಮ್ಮೆ ನೆನಪಿಸಿಕೊಳ್ಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ. ಉದ್ದ ಮೂತಿ, ಗಿಡ್ಡ ಕೂದಲು, ತೆಳ್ಳನೆ ಮೈ. ಈ ನೆಲದ ಬಿಸಿಲಲ್ಲಿ ಓಡುವುದಕ್ಕೇ ಹುಟ್ಟಿದ್ದು. ಪರ್ಷಿಯನ್ ಬೆಕ್ಕು ಇದಕ್ಕೆ ಪೂರಾ ಉಲ್ಟಾ. ಮೂತಿ ಇಲ್ಲ, ಕೂದಲು ಬೇಕಾದಷ್ಟು, ಓಡುವ ಮನಸ್ಸೂ ಇಲ್ಲ. ಇಂಥದ್ದನ್ನು ಇಲ್ಲಿ ಸಾಕುವುದಾದರೆ ಒಂದಿಷ್ಟಾದರೂ ಮೂಗಿರುವುದನ್ನು ಸಾಕೋಣ.

ಸ್ವಭಾವ ಹೇಗೆ? ಮಕ್ಕಳಿದ್ದಾರೆ ಮನೆಯಲ್ಲಿ.

ಶಾಂತ. ಕೆಲವರು ಮಂಕು ಅನ್ನುತ್ತಾರೆ, ಅದು ತಪ್ಪು. ಬೆಣ್ಣಿ ಎಲ್ಲವನ್ನೂ ನೋಡುತ್ತಾಳೆ, ಎದ್ದು ಹೋಗುವುದಿಲ್ಲ ಅಷ್ಟೇ. ಕಪಾಟಿನ ಮೇಲೆ ಹಾರುವುದು, ಪರದೆ ಹತ್ತುವುದು, ರಾತ್ರಿಯೆಲ್ಲ ಕೂಗುವುದು ಕಡಿಮೆ. ದನಿ ಮೆತ್ತಗೆ. ದಿನಕ್ಕೆ ಹದಿನಾಲ್ಕು ತಾಸು ನಿದ್ದೆ.

ಆದರೆ ಬೊಂಬೆ ಅಲ್ಲ. ಪ್ರೀತಿ ಇದೆ, ಅದು ಅವಳು ಹೇಳಿದ ಹೊತ್ತಿಗೆ. ನಾನು ರೊಟ್ಟಿ ಬಡಿಯಲು ಕೂತರೆ ಸದ್ದು ಕೇಳಿ ಬಂದು ಬಾಗಿಲಲ್ಲಿ ಕೂರುತ್ತಾಳೆ, ಹತ್ತಿರ ಬರುವುದಿಲ್ಲ. ಮಗ ಎತ್ತಿಕೊಂಡರೆ ಒಂದು ನಿಮಿಷ ಸುಮ್ನೆ ಇರುತ್ತಾಳೆ, ಎರಡನೇ ನಿಮಿಷಕ್ಕೆ ಜಾರುತ್ತಾಳೆ. ಐದು ವರ್ಷದ ಒಳಗಿನ ಮಕ್ಕಳ ಕೈಗೆ ಒಂಟಿಯಾಗಿ ಬಿಡಬೇಡಿ. ಉದ್ದ ಕೂದಲು ಎಳೆಯಲು ಕೈ ತುರಿಸುತ್ತದೆ, ಬೆಕ್ಕಿಗೆ ನೋವಾಗುತ್ತದೆ, ಪರಚುತ್ತದೆ, ಆಮೇಲೆ ಬೈಸಿಕೊಳ್ಳುವುದು ಬೆಕ್ಕೇ.

ಗದ್ದಲ ಇದಕ್ಕೆ ಆಗದು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ಬೆಣ್ಣಿ ಹಾಸಿಗೆಯ ಗಂಟಿನ ಹಿಂದೆ ಸೇರಿಬಿಡುತ್ತಾಳೆ. ಎಳೆಯುವುದಿಲ್ಲ. ನೀರು, ಊಟ ಅಲ್ಲೇ ಹತ್ತಿರ ಇಟ್ಟು ಬರುತ್ತೇನೆ.

ನಮ್ಮ ಬಿಸಿಲಿಗೆ ಬದುಕುತ್ತಾ?

ಬದುಕುತ್ತದೆ, ನೀವು ದುಡಿದರೆ. ನನ್ನ ಕೇಳಿದರೆ ಮರಿ ತರುವ ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ಜನ ಇದನ್ನು ಕೊನೆಗೆ ಕೇಳುತ್ತಾರೆ.

ನಾನೂ ಕೇಳಿರಲಿಲ್ಲ. ಮೊದಲ ವರ್ಷ ಏಪ್ರಿಲ್‌ನಲ್ಲಿ ಬಾಗಲಕೋಟೆಯಲ್ಲಿ ಒಂದು ಮದುವೆ ಇತ್ತು. ಬೆಣ್ಣಿಯನ್ನು ಮಾಳಿಗೆ ಮೇಲಿನ ಖೋಲಿಯಲ್ಲಿ ಬಿಟ್ಟು, ಫ್ಯಾನ್ ಹಾಕಿ, ನೀರಿಟ್ಟು ಹೋದೆವು. ಹೋದ ಮೇಲೆ ಕರೆಂಟ್ ಹೋಗಿದೆ. ಸಂಜೆ ಬಂದು ಬಾಗಿಲು ತೆಗೆದರೆ ಖೋಲಿ ಒಲೆಯ ಹಾಗಿತ್ತು. ಬೆಣ್ಣಿ ಬಾಯಿ ತೆರೆದು ನಾಯಿಯ ಹಾಗೆ ಏದುತ್ತಿದ್ದಳು, ಜೊಲ್ಲು ಸುರಿಯುತ್ತಿತ್ತು, ವಸಡು ಕೆಂಪಗಾಗಿತ್ತು. ತಪ್ಪು ಪೂರ್ತಿ ನನ್ನದೇ. ಬಿಸಿಲು ಹೊಡೆಯುವ ಮಾಳಿಗೆ ಮೇಲೆ ಯಾರಾದರೂ ಬಿಡುತ್ತಾರಾ?

ನಾಯಿ ಏದುವುದು ಮಾಮೂಲು. ಬೆಕ್ಕು ಬಾಯಿ ತೆರೆದು ಏದಿತು ಅಂದರೆ ಅದು ಅಪಾಯದ ಗಂಟೆ. ಬೆಕ್ಕಿನ ಮೈ ಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 40 ದಾಟುತ್ತದೆ. ಮೈಗಿಂತ ಗಾಳಿ ಬಿಸಿ ಆದಾಗ ಶಾಖ ಹೊರಗೆ ಹೋಗುವುದಾದರೂ ಎಲ್ಲಿಗೆ? ಬೆಕ್ಕು ಬೆವರುವುದು ಬರೀ ಅಂಗಾಲಲ್ಲಿ. ಮೈ ನೆಕ್ಕಿಕೊಂಡು ತಂಪು ಮಾಡಿಕೊಳ್ಳುತ್ತದೆ, ಅದಕ್ಕೂ ಇಷ್ಟು ಕೂದಲು ಅಡ್ಡ.

ಅವತ್ತು ಮಾಡಿದ್ದು ಇಷ್ಟು: ಕೆಳಗೆ ತಂದು ನಳದ ನೀರಲ್ಲಿ ಹೊಟ್ಟೆ, ತೊಡೆಸಂದು, ಅಂಗಾಲು, ಕಿವಿ ಒದ್ದೆ ಮಾಡಿ, ಗಾಳಿ ಹಾಕುತ್ತಾ ದವಾಖಾನೆಗೆ ಓಡಿದೆವು. ಐಸ್ ನೀರು ಸುರಿಯಬಾರದು. ಚರ್ಮದ ರಕ್ತನಾಳ ಬಿಗಿದುಕೊಂಡು ಒಳಗಿನ ಶಾಖ ಒಳಗೇ ಉಳಿಯುತ್ತದೆ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡುವುದೂ ತಪ್ಪು, ಅದೇ ಕಂಬಳಿ ಆಗುತ್ತದೆ. ಬಾಯಿಗೆ ಬಲವಂತವಾಗಿ ನೀರು ಹಾಕಬೇಡಿ. ಚೇತರಿಸಿಕೊಂಡಿತು ಅನ್ನಿಸಿದರೂ ಡಾಕ್ಟರಿಗೆ ತೋರಿಸಿ, ಒಳಗಿನ ಪೆಟ್ಟು ಮರುದಿನ ಕಾಣಿಸಬಹುದು.

ಈಗ ನಮ್ಮ ಬೇಸಿಗೆ ಏರ್ಪಾಡು ಹೀಗಿದೆ. ಮಾರ್ಚ್‌ನಿಂದ ಬೆಣ್ಣಿಗೆ ಕೆಳಗಿನ ನಡುಮನೆ. ಅಲ್ಲಿ ಹಳೇ ಶಹಾಬಾದ್ ಫರಸಿ ಇದೆ. ಮೆತ್ತನೆ ಹಾಸಿಗೆ ಬಿಟ್ಟು ಆ ಕಲ್ಲಿನ ಮೇಲೆ ಕಾಲು ಚಾಚಿ ಬೀಳುತ್ತಾಳೆ. ಕಿಟಕಿಗೆ ಒದ್ದೆ ಲಾವಂಚದ ತಟ್ಟಿ. ನಮ್ಮ ಬೇಸಿಗೆ ಒಣ ಬೇಸಿಗೆ, ಹಾಗಾಗಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಏಸಿಯೇ ಬೇಕು ಅಂತೇನಿಲ್ಲ. ಬರೀ ಫ್ಯಾನ್ ಮಾತ್ರ ಸಾಲದು, ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಕರೆಂಟ್ ಹೋದಾಗ ಒಂದು ಬಾಟಲಿ ನೀರು ಗಡ್ಡೆ ಕಟ್ಟಿಸಿ ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತೇನೆ, ಬೇಕಾದರೆ ಒರಗುತ್ತಾಳೆ. ಮಧ್ಯಾಹ್ನ ಹನ್ನೊಂದರಿಂದ ಐದರವರೆಗೆ ಆಟ, ಸ್ನಾನ, ಪ್ರಯಾಣ ಏನೂ ಇಲ್ಲ. ಮನೆಯಲ್ಲಿ ಯಾರೂ ಇರುವುದಿಲ್ಲ, ತಗಡಿನ ಮನೆ, ಕೂಲರ್ ಇಲ್ಲ ಅಂದರೆ ದಯವಿಟ್ಟು ಈ ಬೆಕ್ಕು ಬೇಡ. ನಾಡಬೆಕ್ಕಿನ ಮರಿಗಳು ಓಣಿಗೆ ನಾಲ್ಕು ಸಿಗುತ್ತವೆ, ಅವೂ ಮುದ್ದಾಗಿರುತ್ತವೆ.

ಬೇಸಿಗೆಗೆ ಕೂದಲು ಬೋಳಿಸಿಬಿಟ್ಟರೆ ಸುಲಭ ಅಲ್ವಾ?

ಪೂರ್ತಿ ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ. ಬಿಳಿ, ಕೆನೆ ಬಣ್ಣದವಕ್ಕೆ ಸುಡುತ್ತದೆ. ಗಂಟಿಲ್ಲದ, ಬಾಚಿದ ಕೂದಲಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಗಂಟಾದ ಕೂದಲು ಒದ್ದೆ ಗೋಣಿಚೀಲ. ನಾನು ಹೊಟ್ಟೆಯ ಕೆಳಗೆ, ಬಾಲದ ಬುಡದಲ್ಲಿ, ಅಂಗಾಲ ನಡುವೆ ಮಾತ್ರ ಮಶಿನ್‌ನಿಂದ ಗಿಡ್ಡ ಮಾಡಿಸುತ್ತೇನೆ. ಮೈಯೆಲ್ಲ ಗಂಟಾಗಿಬಿಟ್ಟಿದ್ದರೆ ತೆಗೆಸುವುದು ಬಿಟ್ಟು ದಾರಿ ಇಲ್ಲ, ಅದನ್ನು ದವಾಖಾನೆಯಲ್ಲೇ ಮಾಡಿಸಿ. ಮನೆಯಲ್ಲಿ ಕತ್ತರಿ ಹಿಡಿಯಬೇಡಿ. ಬೆಕ್ಕಿನ ಚರ್ಮ ಕಾಗದದಷ್ಟು ತೆಳು, ಗಂಟಿನ ಜೊತೆ ಎದ್ದು ಬರುತ್ತದೆ, ಕಚಕ್ ಅಂತ ಸೀಳುತ್ತದೆ.

ದಿನಾ ಬಾಚಲೇಬೇಕಾ?

ದಿನಾ. ಹತ್ತು ನಿಮಿಷ ಸಾಕು. ಎರಡು ದಿನ ಬಿಟ್ಟರೆ ಅರ್ಧ ಗಂಟೆ, ಒಂದು ವಾರ ಬಿಟ್ಟರೆ ಇಬ್ಬರೂ ಅಳಬೇಕು.

ಬೇಕಾದದ್ದು ಸ್ಟೀಲಿನ ಹಣಿಗೆ, ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಒತ್ತು ಹಲ್ಲು. ಬೆನ್ನು ಬಾಚಿ ಮುಗಿಯಿತು ಅನ್ನುವವರೇ ಜಾಸ್ತಿ. ಬೆನ್ನು ಅಷ್ಟು ಬೇಗ ಗಂಟಾಗುವುದಿಲ್ಲ! ಗಂಟಾಗುವುದು ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ. ಮೊದಲು ಕೂದಲ ತುದಿ ಬಿಡಿಸಿ, ಆಮೇಲೆ ಬುಡಕ್ಕೆ ಹೋಗಿ, ನಮ್ಮ ತಲೆ ಸಿಕ್ಕು ಬಿಡಿಸಿದ ಹಾಗೆ. ಸಣ್ಣ ಗಂಟಿಗೆ ಚಿಟಿಕೆ ಕಾರ್ನ್‌ಫ್ಲೋರ್ ಹಾಕಿ, ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಬೆರಳಿಂದಲೇ ಬಿಡಿಸಿ. ಬುಡ ಹಿಡಿದರೆ ಚರ್ಮ ಎಳೆಯುವುದಿಲ್ಲ. ಎಣ್ಣೆ ಹಚ್ಚಬೇಡಿ. ಮನುಷ್ಯರ ಟಾಲ್ಕಂ ಪೌಡರೂ ಬೇಡ, ನೆಕ್ಕಿಕೊಳ್ಳುತ್ತದೆ.

ಹಿತ್ತಲಿಗೆ ಬಿಟ್ಟರೆ ಬೇರೆ ಕಥೆ. ಉತ್ತರಾಣಿ ಬೀಜ ಒಮ್ಮೆ ಬಾಲಕ್ಕೆ ಹತ್ತಿದರೆ ಸಂಜೆ ಪೂರ್ತಿ ಅದೇ ಕೆಲಸ. ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿಕೊಂಡು ಒಣಗಿತೋ, ಇಟ್ಟಿಗೆಯೇ. ಮನೆಯೊಳಗಿನ ಬೆಕ್ಕಾಗಿಯೇ ಸಾಕಿ.

ಬಾಚಿದಷ್ಟೂ ಹೊಟ್ಟೆಗೆ ಹೋಗುವ ಕೂದಲು ಕಡಿಮೆ. ನೆಕ್ಕಿ ನುಂಗಿದ ಕೂದಲು ಉಂಡೆಯಾಗಿ ಆಗೊಮ್ಮೆ ಈಗೊಮ್ಮೆ ವಾಂತಿಯಲ್ಲಿ ಬರುತ್ತದೆ. ಬೆರಳಿನ ಹಾಗೆ ಉದ್ದಕ್ಕಿರುತ್ತದೆ, ಹೆದರಬೇಡಿ. ಪದೇ ಪದೇ ಓಕರಿಸಿ ಏನೂ ಬಾರದಿದ್ದರೆ, ಊಟ ಬಿಟ್ಟರೆ ಡಾಕ್ಟರಿಗೆ ತೋರಿಸಿ.

ಸ್ನಾನ ಎಷ್ಟು ದಿನಕ್ಕೊಮ್ಮೆ?

ನಾನು ತಿಂಗಳಿಗೊಮ್ಮೆ, ಚಳಿಗಾಲದಲ್ಲಿ ಇನ್ನೂ ಕಡಿಮೆ. ಸ್ನಾನಕ್ಕೆ ಮೊದಲು ಬಾಚಲೇಬೇಕು, ಗಂಟಿಗೆ ನೀರು ಬಿದ್ದರೆ ಕಲ್ಲಾಗುತ್ತದೆ. ಉಗುರುಬೆಚ್ಚಗಿನ ನೀರು, ಬೆಕ್ಕಿನ ಶಾಂಪೂ. ನಮ್ಮ ಬೋರಿನ ಸವಳು ನೀರಲ್ಲಿ ನೊರೆ ಬರುವುದೂ ಕಷ್ಟ, ಹೋಗುವುದೂ ಕಷ್ಟ. ಕೊನೆಯ ಎರಡು ಚೊಂಬು ಸಿಹಿನೀರು ಹಾಕಿ. ಬುಡದವರೆಗೆ ಒಣಗಿಸಿ, ಒದ್ದೆ ಉಳಿದರೆ ಹುಳುಕಡ್ಡಿಗೆ ಆಹ್ವಾನ.

ಕಣ್ಣಿಂದ ಯಾವಾಗಲೂ ನೀರು ಸುರಿಯುತ್ತೆ, ಅಳ್ತಿದೆಯಾ?

ಅಳುತ್ತಿಲ್ಲ, ನಾಳ ಮಡಚಿದೆ. ಬೆಳಗ್ಗೆ ಸಂಜೆ ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒರೆಸಿ, ಒಂದು ಕಣ್ಣಿಗೆ ಒಂದು ಹತ್ತಿ. ಹಸಿರು ಪಿಸುರು, ಕಣ್ಣು ಮುಚ್ಚಿಕೊಳ್ಳುವುದು, ಕೆಂಪು ಕಂಡರೆ ಅದು ಸೋಂಕು ಅಥವಾ ಗಾಯ. ನಿಮ್ಮ ಮನೆಯ ಹಳೇ ಕಣ್ಣಿನ ಡ್ರಾಪ್ಸ್ ಹಾಕಲೇಬೇಡಿ.

ನಮ್ಮ ಮನೆಯಲ್ಲಿ ಮಾಂಸ ಮಾಡಲ್ಲ. ರೊಟ್ಟಿ ಹಾಲು ಹಾಕಿ ಸಾಕಬಹುದಾ?

ನಮ್ಮ ಮನೆಯಲ್ಲೂ ಮಾಡುವುದಿಲ್ಲ. ಮೊದಲ ತಿಂಗಳು ಅತ್ತೆಯವರು ಜೋಳದ ರೊಟ್ಟಿ ಕಿವುಚಿ ಹಾಲಲ್ಲಿ ಕಲೆಸಿ ಇಡುತ್ತಿದ್ದರು. "ನಮ್ಮ ತವರಿನ ಬೆಕ್ಕು ಇದನ್ನೇ ತಿಂದು ಹದಿನೈದು ವರ್ಷ ಇತ್ತು" ಅಂತ ವಾದ. ಇದ್ದಿರಬಹುದು. ಆ ಬೆಕ್ಕು ರಾತ್ರಿ ಕಣಜದಲ್ಲಿ ಇಲಿ ಹಿಡಿಯುತ್ತಿತ್ತು, ಅದರ ನಿಜವಾದ ಊಟ ಅದು. ರೊಟ್ಟಿ ಬರೀ ಉಪಚಾರ.

ಬೆಕ್ಕಿಗೆ ಮಾಂಸ ಬೇಕೇ ಬೇಕು. ಟಾರಿನ್ ಅನ್ನುವ ಸತ್ವವನ್ನು ಅದರ ಮೈ ಸಾಕಷ್ಟು ತಯಾರಿಸುವುದಿಲ್ಲ, ಮಾಂಸದಿಂದಲೇ ಬರಬೇಕು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಈ ಹೃದಯದ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ಸಂಬಂಧ ಪತ್ತೆಯಾದದ್ದು 1987ರಲ್ಲಿ. ಆಮೇಲೆ ಪ್ಯಾಕೆಟ್ ಊಟಕ್ಕೆ ಅದನ್ನು ಜಾಸ್ತಿ ಸೇರಿಸತೊಡಗಿದರು.

ಹಾಗಾಗಿ ನಮ್ಮಂಥ ಮನೆಗೆ ದಾರಿ ಎಂದರೆ ಬೆಕ್ಕಿನ ಪ್ಯಾಕೆಟ್ ಊಟ. ಒಳಗೆ ಕೋಳಿ, ಮೀನು ಇರುತ್ತದೆ, ಆದರೆ ಒಲೆ ಮೇಲೆ ಬೇಯಿಸಬೇಕಿಲ್ಲ. ನಮ್ಮಲ್ಲಿ ಬೆಣ್ಣಿಯ ತಾಟು, ಚಮಚ ಬೇರೆ, ಇಡುವ ಜಾಗ ಪಡಸಾಲೆಯ ಮೂಲೆ. ಅತ್ತೆಯವರು ಒಪ್ಪಿದರು. ನಾಯಿಯ ಊಟ ಬೆಕ್ಕಿಗೆ ಹಾಕಬೇಡಿ, ಅದರಲ್ಲಿ ಟಾರಿನ್ ಸಾಲದು. ಒಣ ಊಟವಾದರೆ ನಾಲ್ಕು ಕೆ.ಜಿ. ಬೆಕ್ಕಿಗೆ ದಿನಕ್ಕೆ ಐವತ್ತರಿಂದ ಅರವತ್ತು ಗ್ರಾಂ, ಅಂದರೆ ತಿಂಗಳಿಗೆ ಎರಡು ಕೆ.ಜಿ.ಗೆ ಸ್ವಲ್ಪ ಕಡಿಮೆ. ಮನಸ್ಸಲ್ಲೇ ಖರ್ಚು ಲೆಕ್ಕ ಹಾಕಿ. ಮರಿಯ ಬೆಲೆ ಒಂದೇ ಸಲ, ಇದು ಹನ್ನೆರಡು, ಹದಿನೈದು ವರ್ಷ.

ಹಾಲು ಬೇಡ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಅರಗುವುದಿಲ್ಲ, ಭೇದಿ ಆಗುತ್ತದೆ. ಉದ್ದ ಕೂದಲಿನ ಬೆಕ್ಕಿಗೆ ಭೇದಿ ಆದರೆ ತೊಳೆಯುವವರು ನೀವು, ನೆನಪಿರಲಿ. ಒಗ್ಗರಣೆ ಹಾಕಿದ ಯಾವುದೂ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಕ್ಕಿನ ರಕ್ತದ ಕಣಗಳನ್ನೇ ಒಡೆಯುತ್ತವೆ. ನಮ್ಮ ಕಡೆ ದ್ರಾಕ್ಷಿ, ಒಣದ್ರಾಕ್ಷಿ ಮನೆ ತುಂಬ ಇರುತ್ತದೆ, ಅದನ್ನೂ ದೂರ ಇಡಿ.

ಒಂದು ಮಾತು. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ "ಹಸಿವಾದರೆ ತಿನ್ನುತ್ತೆ ಬಿಡಿ" ಅನ್ನಬೇಡಿ. ಉಪವಾಸ ಬಿದ್ದ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ.

ನೀರು?

ಅಗಲ ಬಾಯಿಯ ಬಟ್ಟಲು, ಮನೆಯಲ್ಲಿ ಎರಡು ಮೂರು ಕಡೆ, ಊಟದ ತಾಟಿನಿಂದ ದೂರ. ಚಪ್ಪಟೆ ಮುಖಕ್ಕೆ ಆಳದ ಬಟ್ಟಲು ಆಗಿಬರುವುದಿಲ್ಲ. ಬೆಣ್ಣಿಗೆ ಮಣ್ಣಿನ ಪರಟಿಯ ತಂಪು ನೀರೇ ಇಷ್ಟ.

ಟ್ರೇ ವಾಸನೆ ಹೇಗೆ ತಡೆಯೋದು? ಗರ್ಭಿಣಿ ಇದ್ದರೆ ಬೆಕ್ಕು ಇರಬಾರದಂತೆ?

ಟ್ರೇ ಅಂದರೆ ಬೆಕ್ಕು ಹೇಲು ಉಚ್ಚೆ ಮಾಡುವ ಮಣ್ಣಿನ ತಟ್ಟೆ. ಅದರಲ್ಲಿನ ಕೊಳಕನ್ನು ದಿನಕ್ಕೆ ಎರಡು ಸಲ ತೆಗೆದರೆ ವಾಸನೆ ಇಲ್ಲ. ಗಂಟುಕಟ್ಟುವ ಬೆಂಟೊನೈಟ್ ಮಣ್ಣು ಬಳಸುವುದಾದರೆ ದಪ್ಪ ಹರಳಿನದ್ದು ತನ್ನಿ, ಸಣ್ಣದು ಅಂಗಾಲ ಕೂದಲಿಗೆ ಮೆತ್ತಿ ಮನೆಯೆಲ್ಲ ಹರಡುತ್ತದೆ.

ಗರ್ಭಿಣಿ ಇದ್ದರೆ ಬೆಕ್ಕನ್ನು ಮನೆಯಿಂದ ಓಡಿಸಬೇಕಿಲ್ಲ. ಭಯ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯದು. ಅದು ಬೆಕ್ಕಿನ ಹೇಲಿನಲ್ಲಿ ಬರುತ್ತದೆ, ಆದರೆ ಬಂದ ಕೂಡಲೇ ಅಂಟುವುದಿಲ್ಲ. ಅಂಟುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನಾ ತೆಗೆದರೆ ಅದಕ್ಕೆ ಹೊತ್ತೇ ಸಿಗುವುದಿಲ್ಲ. ಆ ಕೆಲಸ ಗಂಡ ಮಾಡಲಿ. ಹಸಿ ಮಾಂಸ ಹಾಕಬೇಡಿ, ಹೊರಗೆ ಬೇಟೆಗೆ ಬಿಡಬೇಡಿ. ತೊಳೆಯದ ತರಕಾರಿ, ಬರಿಗೈಯಲ್ಲಿ ಕೆದಕುವ ಹೊಲದ ಮಣ್ಣಿನಿಂದಲೂ ಅದು ಬರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ.

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ದಮ್ಮು ಬರುತ್ತಂತೆ?

ಹೊಟ್ಟೆಗೆ ಹೋದ ಕೂದಲು ಹೊರಗೆ ಹೋಗುತ್ತದೆ. ಅಲರ್ಜಿ ಇರುವವರಿಗೆ ತೊಂದರೆ ಕೊಡುವುದು ಬೆಕ್ಕಿನ ಜೊಲ್ಲು ಮತ್ತು ಚರ್ಮದ ಒಂದು ಪ್ರೋಟೀನು. ಅದು ಗಿಡ್ಡ ಕೂದಲಿನ ಬೆಕ್ಕಿನಲ್ಲೂ ಇದೆ. ಮನೆಯಲ್ಲಿ ದಮ್ಮಿನವರಿದ್ದರೆ ಮರಿ ತರುವ ಮೊದಲು ಬೆಕ್ಕಿರುವ ಮನೆಯಲ್ಲಿ ಎರಡು ತಾಸು ಕೂತು ನೋಡಲಿ.

ಮನೆಯಲ್ಲಿ ಏನೇನು ವಿಷ?

ಮೊದಲನೆಯದು ಫಿನಾಯಿಲ್. ನಮ್ಮಲ್ಲಿ ಬೆಳಗಾದರೆ ಫರಸಿ ಒರೆಸುವುದು ಅದರಲ್ಲೇ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಒರೆಸಿದ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿದರೆ ಸಾಕು. ಬೆಣ್ಣಿ ಬಂದ ಮೇಲೆ ನಮ್ಮದು ಸೋಪಿನ ನೀರು.

ಎರಡನೆಯದು ಪ್ಯಾರಾಸಿಟಮಾಲ್. ಜ್ವರ ಅಂತ ಅರ್ಧ ಗುಳಿಗೆ ಕೊಟ್ಟು ಬೆಕ್ಕು ಕಳೆದುಕೊಂಡವರನ್ನು ನಾನು ಬಲ್ಲೆ. ಅರ್ಧ ಗುಳಿಗೆಯೂ ಕೊಲ್ಲಬಹುದು. ಮೂರನೆಯದು ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಔಷಧ. ಇಲಿ ಪಾಷಾಣ, ಲಿಲ್ಲಿ ಹೂವು ಕೂಡ ಈ ಸಾಲಿಗೇ.

ಲಸಿಕೆ ಎಲ್ಲಿ ಹಾಕಿಸೋದು? ದನದ ದವಾಖಾನೆಯಲ್ಲಿ ನೋಡ್ತಾರಾ?

ನೋಡುತ್ತಾರೆ. ಆದರೆ ಸರತಿಯಲ್ಲಿ ಎಮ್ಮೆ, ಆಡು ಇರುತ್ತವೆ, ಬೆಕ್ಕು ಬುಟ್ಟಿಯಲ್ಲಿ ಮುಚ್ಚಿರಲಿ. ಬೆಕ್ಕಿನ ಲಸಿಕೆ ಎಲ್ಲ ಕಡೆ ಇಟ್ಟಿರುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ. ಮೂರು ರೋಗಕ್ಕೆ ಸೇರಿ ಒಂದು ಲಸಿಕೆ, ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರ ಬಿಟ್ಟು ಮತ್ತೆ, ಹದಿನಾರು ವಾರದವರೆಗೆ. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ. ಜಂತಿನ ಔಷಧ ಡಾಕ್ಟರು ಹೇಳಿದ ಹಾಗೆ. ಬೆಕ್ಕು ಕಚ್ಚಿ, ಪರಚಿ ರಕ್ತ ಬಂದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ನೀವೂ ಆಸ್ಪತ್ರೆಗೆ ಹೋಗಿ. ರೇಬೀಸ್ ಬರೀ ನಾಯಿಯದಲ್ಲ.

ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ, ತಿಣುಕಿ, ಹನಿಯೂ ಬಾರದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯುತ್ತದೆ.

ಕಿಡ್ನಿ ಕಾಯಿಲೆ ಈ ತಳಿಗೇ ಬರುತ್ತಂತೆ, ನಿಜವಾ?

ನಿಜ. ಕಿಡ್ನಿಯಲ್ಲಿ ನೀರುಗುಳ್ಳೆ ತುಂಬುವ ಕಾಯಿಲೆ. ಹಿಂದೆ ಹಲವು ದೇಶಗಳಲ್ಲಿ ಪರೀಕ್ಷಿಸಿದಾಗ ಪರ್ಷಿಯನ್ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಇತ್ತು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಮರಿಗೆ ಅರ್ಧದಷ್ಟು ಸಾಧ್ಯತೆ. ಕಾರಣವಾದ ಜೀನ್ ದೋಷ 2004ರಲ್ಲಿ ಪತ್ತೆಯಾಯಿತು, ಕೆನ್ನೆಯ ಒಳಗಿನ ಜೊಲ್ಲಿನಿಂದಲೇ ಪರೀಕ್ಷೆ ಮಾಡುತ್ತಾರೆ. ಸ್ಕ್ಯಾನ್‌ನಲ್ಲೂ ಕಾಣುತ್ತದೆ. ಮಾರುವವರ ಹತ್ತಿರ ತಂದೆ ತಾಯಿಯ ರಿಪೋರ್ಟ್ ಕೇಳಿ. ಅವರ ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ.

ಮರಿ ಎಲ್ಲಿಂದ ತರಬೇಕು?

ಎಲ್ಲಿಂದ ತರಬಾರದು ಅಂತ ನಾನು ಚೆನ್ನಾಗಿ ಹೇಳಬಲ್ಲೆ. ಬೆಣ್ಣಿಯನ್ನು ಫೋನಿನಲ್ಲಿ ಫೋಟೋ ನೋಡಿ ತರಿಸಿದೆ. 'ಟ್ರಿಪಲ್ ಕೋಟ್, ಮೂರು ತಿಂಗಳ ಮರಿ' ಅಂದಿದ್ದರು. ರಾತ್ರಿ ಬಸ್ಸಿನಲ್ಲಿ ರಟ್ಟಿನ ಡಬ್ಬಿಯಲ್ಲಿ ಬಂತು. ಡಾಕ್ಟರು ಹಲ್ಲು ನೋಡಿ "ಒಂದೂವರೆ ತಿಂಗಳೂ ಆಗಿಲ್ಲ" ಅಂದರು. ಕಿವಿಯ ಹಿಂದೆ ದುಂಡಗೆ ಕೂದಲು ಉದುರಿತ್ತು, ಹುಳುಕಡ್ಡಿ. ಉದ್ದ ಕೂದಲಿನ ಬೆಕ್ಕಿಗೆ ಇದು ಬೇಗ ಹತ್ತುತ್ತದೆ, ಮನುಷ್ಯರಿಗೂ ದಾಟುತ್ತದೆ. ಮಗನ ಕುತ್ತಿಗೆ, ನನ್ನ ಕೈ, ಕೊನೆಗೆ ಅತ್ತೆಯ ಮೊಣಕೈ. ಗುಣವಾಗಲು ಮೂರು ತಿಂಗಳು. ಮಾರಿದವರು ಫೋನ್ ಎತ್ತಲೇ ಇಲ್ಲ. ಅಂದಹಾಗೆ ಟ್ರಿಪಲ್ ಕೋಟ್ ಅನ್ನುವ ತಳಿಯೇ ಇಲ್ಲ, ಅದು ಬರೀ ರೇಟು ಏರಿಸುವ ಮಾತು.

ಕಣ್ಣಾರೆ ನೋಡಿ ತನ್ನಿ. ತಾಯಿಯನ್ನು ತೋರಿಸಲು ಹೇಳಿ. ಮರಿಗೆ ಹನ್ನೆರಡು ವಾರ ತುಂಬಿರಲಿ. ಉಸಿರಾಡುವಾಗ ಗೊರಗೊರ ಸದ್ದು ಇರಬಾರದು. ಬಾಲ ಎತ್ತಿ ನೋಡಿ, ಒದ್ದೆ ಇದ್ದರೆ ವಾಪಸ್ ಬನ್ನಿ. ಕೂದಲು ಬೇರ್ಪಡಿಸಿ ಚರ್ಮ ನೋಡಿ. ಇನ್ನೂ ಒಳ್ಳೆಯದು, ಸಾಕಲಾರದೆ ಕೊಡುವವರಿಂದ ದೊಡ್ಡ ಬೆಕ್ಕನ್ನೇ ತಗೊಳ್ಳುವುದು. ಪ್ರತಿ ಬೇಸಿಗೆ ಮುಗಿಯುವ ಹೊತ್ತಿಗೆ ಅಂಥ ಎರಡು ಮೂರು ಫೋನ್ ನನಗೆ ಬರುತ್ತವೆ, "ಅಕ್ಕಾರ, ನಮ್ಮ ಬೆಕ್ಕು ತಗೋತೀರೇನ್ರೀ?" ಅಂತ. ಅವುಗಳಲ್ಲಿ ಬಹುಪಾಲು ಗಂಟುಗಂಟಾಗಿರುತ್ತವೆ.

ನಿಮ್ಮ ಬೆಣ್ಣಿ ಮರಿ ಹಾಕಿದರೆ ನಮಗೊಂದು ಕೊಡಿ.

ಆರು ತಿಂಗಳಿಗೇ ಆಪರೇಷನ್ ಮಾಡಿಸಿದ್ದೇನೆ, ಮರಿ ಇಲ್ಲ. ಅಷ್ಟು ಆಸೆ ಇದ್ದರೆ ಮೇ ತಿಂಗಳಲ್ಲಿ ಒಂದು ವಾರ ಸಂಜೆ ನಮ್ಮ ಮನೆಗೆ ಬನ್ನಿ. ಹಣಿಗೆ ಕೊಡುತ್ತೇನೆ, ಬೆಣ್ಣಿಯ ತೊಡೆಸಂದಿ ಬಾಚಿಕೊಡಿ. ಎಂಟನೇ ದಿನವೂ ಬೇಕು ಅನ್ನಿಸಿದರೆ ಮೇಲೆ ಹೇಳಿದ ಆ ಫೋನ್ ನಂಬರುಗಳು ನನ್ನ ಹತ್ತಿರ ಇವೆ.